ಇಂಟರ್ವಲ್ ಆದ ಮೇಲೆ ಬರುವವನು

ಊರಿಗೆಲ್ಲ ಮೆತ್ತಗೆ ಕೂರಲು ಜಾಗ ಮಾಡಿಕೊಡುವ ಮನುಷ್ಯ, ತಾನು ಕೂತದ್ದನ್ನು ಮಾತ್ರ ಕಂಡವರಿಲ್ಲ. ಸೋಫಾ, ಬಸ್ಸಿನ ಸೀಟು, ಹಲ್ಲಿನ ಡಾಕ್ಟರ ಕುರ್ಚಿ, ಚಿತ್ರಮಂದಿರದ ಆಸನ, ಯಾವುದೇ ಬರಲಿ, ಅದರ ಹೊಟ್ಟೆ ಬಗೆದು ಹಳೆಯ ನಾರು ಕಿತ್ತೆಸೆದು, ಹೊಸ ಸ್ಪಂಜು ತುಂಬಿ, ರೆಕ್ಸಿನ್ ಬಿಗಿದು ಮೊಳೆ ಹೊಡೆಯುವುದು ಅವನ ಕಸುಬು. ಅಂಗಡಿಯ ತುಂಬ ಸೀಟುಗಳೇ. ಆದರೂ ಅವನ ಊಟ ನಿಂತು, ಟೀ ನಿಂತು. ಬಾಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು, ಸುತ್ತಿಗೆ ಹಿಡಿದು, ಗಾಣದೆತ್ತಿನ ಹಾಗೆ ಸೀಟಿನ ಸುತ್ತ ಸುತ್ತುತ್ತ, ಆ ಮೊಳೆಗಳ ಸಂದಿಯಿಂದಲೇ ಸಿನಿಮಾ ಕಥೆ ಹೇಳುತ್ತಿದ್ದ.

ಪಕ್ಕದ ಕ್ಷೌರದಂಗಡಿಯವನು ಅವನಿಗೆ ಇಂಟರ್ವಲ್ ಎಂದು ಹೆಸರಿಟ್ಟಿದ್ದ. ತಮಾಷೆಗೆ ಇಟ್ಟದ್ದು, ಅಂಟು ಹಾಕಿದಂತೆ ಅಂಟಿಕೊಂಡಿತು. ಹೆಸರಿನ ಹಿಂದೆ ಒಂದು ಕಥೆ ಇದೆ. ಚಿಕ್ಕಂದಿನಲ್ಲಿ ಇವನ ಸೋದರಮಾವ ಚಿತ್ರಮಂದಿರದ ಗೇಟು ಕಾಯುತ್ತಿದ್ದ. ಟಿಕೆಟ್ಟಿಲ್ಲದ ಅಳಿಯನನ್ನು ಆಟ ಶುರುವಾಗುವಾಗಲೇ ಒಳಗೆ ಬಿಟ್ಟರೆ ಮ್ಯಾನೇಜರ್ ಕಣ್ಣಿಗೆ ಬೀಳುತ್ತಾನೆ. ಅದಕ್ಕೆ ಇಂಟರ್ವಲ್ ಮುಗಿದು ಜನ ನೂಕಾಡಿಕೊಂಡು ಒಳಹೋಗುವಾಗ ಬಾಗಿಲ ಪರದೆ ಎತ್ತಿ, "ಹೂಂ, ನುಗ್ಗು" ಎಂದು ಬೆನ್ನಿಗೊಂದು ತಟ್ಟುತ್ತಿದ್ದ.

ಹೀಗೆ ಇವನು ಬೆಳೆದದ್ದು ಬರೀ ಎರಡನೇ ಅರ್ಧಗಳ ಮೇಲೆ. ಇವಳು ಯಾರು, ಯಾಕೆ ಅಳುತ್ತಿದ್ದಾಳೆ, ಇವನ ಹಣೆಯ ಗಾಯ ಎಲ್ಲಿಂದ ಬಂತು, ಒಂದೂ ಗೊತ್ತಿಲ್ಲ. ಎಲ್ಲವನ್ನೂ ತಾನೇ ಅಗೆದು ತೆಗೆಯಬೇಕು. ಮನೆಗೆ ನಡೆದು ಹೋಗುವಷ್ಟರಲ್ಲಿ ಮೊದಲರ್ಧವನ್ನು ತಲೆಯೊಳಗೆ ಹೊಲಿದು ಮುಗಿಸುತ್ತಿದ್ದ. ಆ ಅಭ್ಯಾಸದಲ್ಲೇ ನಿರ್ದೇಶಕರ ಅಳತೆ ಸಿಕ್ಕಿತು ಅವನಿಗೆ.

"ಡೈರೆಕ್ಟರುಗಳಲ್ಲಿ ಎರಡೇ ಜಾತಿ," ಎನ್ನುತ್ತಿದ್ದ. "ಒಬ್ಬ ಹೇಳಿ ಮುಗಿಸೋನು, ಇನ್ನೊಬ್ಬ ಇಟ್ಟು ಹೋಗೋನು. ಹೇಳಿ ಮುಗಿಸೋನ ಸಿನಿಮಾಗೆ ಮೊದಲಿಂದಾನೇ ಹೋಗ್ಬೇಕು. ಇಟ್ಟು ಹೋಗೋನು ಹಾಗಲ್ಲ. ಅವನು ಒಂದು ಅಂಗಿ ಗುಂಡಿ ಕಿತ್ತಿಟ್ರೂ ಹಿಂದೆ ನಡೆದದ್ದೆಲ್ಲ ಅದ್ರಲ್ಲೇ ಇರುತ್ತೆ. ನೋಡೋ ಕಣ್ಣು ಬೇಕು ಅಷ್ಟೇ."

"ಅರ್ಧ ದುಡ್ಡಿಗೆ ಟಿಕೆಟ್ ಕೊಡ್ತಾರೇನೋ ಕೇಳು," ಎಂದು ಕ್ಷೌರದವನು ಕತ್ತರಿ ಆಡಿಸುತ್ತಲೇ ಕಾಲೆಳೆಯುತ್ತಿದ್ದ.

ಮದುವೆಯಾದ ಮೇಲೂ ಚಾಳಿ ಬಿಡಲಿಲ್ಲ, ಬದಲಿಗೆ ಅದಕ್ಕೊಬ್ಬಳು ಜೊತೆ ಸಿಕ್ಕಳು. ಹೆಂಡತಿಗೆ ಬಟ್ಟೆ ಅಂಗಡಿಯಲ್ಲಿ ಅಳೆದು ಕತ್ತರಿಸುವ ಕೆಲಸ. ಅವಳು ಮೊದಲೇ ಹೋಗಿ ಕೂರುತ್ತಿದ್ದಳು. ಇವನು ಇಂಟರ್ವಲ್‌ಗೆ ಬಂದು ಪಕ್ಕದ ಸೀಟಿಗೆ ಆತುಕೊಂಡು ನಿಲ್ಲುವುದು, ಹಿಂದಿನವರು ಗದರಿದರೆ ತುದಿಯಲ್ಲಿ ಕುಂಡೆ ತಾಗಿಸುವುದು. ಆಟ ಬಿಟ್ಟ ಮೇಲೆ ಮನೆಗೆ ನಡೆಯುತ್ತ ತಾನು ನೋಡದ ಮೊದಲರ್ಧವನ್ನು ಇವನು ಹೇಳಬೇಕು. ನೋಡಿದ ಅವಳು ಹೂಂ ಅಥವಾ ಊಹೂಂ ಅನ್ನಬೇಕು. ಹೂಂಗಳು ಜಾಸ್ತಿ ಬಂದರೆ ಆ ನಿರ್ದೇಶಕ ಗಟ್ಟಿಗ. ಊಹೂಂ ಜಾಸ್ತಿಯಾದರೆ, "ಥೂ, ಅವನಿಗೆ ಕಥೆ ಹೇಳೋಕೆ ಬರಲ್ಲ ಕಣೇ," ಎಂದು ತಪ್ಪನ್ನು ಅವನ ತಲೆಗೇ ಕಟ್ಟುತ್ತಿದ್ದ.

"ನಿಮಗೆ ಹೊಳೀದೇ ಇದ್ರೆ ಅವರ ತಪ್ಪಾ?" ಎಂದು ಅವಳು ಕೇಳುತ್ತಿದ್ದಳು. ಅಳತೆಯವಳು, ಒಂದು ಬೆರಳಗಲವೂ ಬಿಟ್ಟುಕೊಡುವವಳಲ್ಲ.

ಇಷ್ಟೆಲ್ಲ ಸಿನಿಮಾಗಳ ನಡುವೆ ಒಂದಕ್ಕೆ ಮಾತ್ರ ಯಾರೂ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಅದನ್ನು ಅವನು ತಟ್ಟೆ ಸಿನಿಮಾ ಎನ್ನುತ್ತಿದ್ದ. ಹುಡುಗನಾಗಿದ್ದಾಗ ನೋಡಿದ್ದು. ಒಂದು ಮನೆ, ತಾಯಿ, ಬೆಳೆದ ಮಗ. ಇಬ್ಬರ ನಡುವೆ ಮಾತಿಲ್ಲ. ತಾಯಿ ದಿನವೂ ತನಗೂ ಮಗನಿಗೂ ಬಡಿಸಿ, ಅಂಚು ಮುಕ್ಕಾದ ಇನ್ನೊಂದು ತಟ್ಟೆಯನ್ನು ಖಾಲಿಯಾಗಿಯೇ ಇಡುತ್ತಾಳೆ. ಊಟ ಮುಗಿದ ಮೇಲೆ ಅದನ್ನೂ ತೊಳೆದು ಒರೆಸುತ್ತಾಳೆ. ಕೊನೆಗೆ ಮಗ ಪೆಟ್ಟಿಗೆ ಹಿಡಿದು ದೋಣಿ ಹತ್ತುತ್ತಾನೆ. ಕಳಿಸಲು ತಾಯಿ ಬರುವುದಿಲ್ಲ. ನೀರಿನ ನಡುವೆ ಅವನು ಪೆಟ್ಟಿಗೆ ತೆರೆದರೆ ಬಟ್ಟೆಯ ಮಡಿಕೆಯಲ್ಲಿ ಅದೇ ಮುಕ್ಕಾದ ತಟ್ಟೆ. ಅಲ್ಲಿಗೆ ಮುಗಿಯಿತು. ಹಿನ್ನೆಲೆಯಲ್ಲಿ ಸಂಗೀತವೂ ಇಲ್ಲ, ನೀರಿಗೆ ಬೀಳುವ ಹುಟ್ಟಿನ ಸದ್ದೊಂದೇ.

ಇದಕ್ಕೆ ಅವನು ಹೊಲಿದ ಮೊದಲರ್ಧ ಹೀಗಿತ್ತು. ತಟ್ಟೆ ಸತ್ತ ತಂದೆಯದು. ಮಗನ ಹಟದಿಂದ ತಂದೆ ನೀರುಪಾಲಾದ. ತಾಯಿ ಬೈಯಲಿಲ್ಲ, ತಟ್ಟೆ ಇಟ್ಟಳು. ಕೊನೆಗೆ ಮಗನಿಗೆ ತಂದೆಯ ಜಾಗವನ್ನೇ ಕಟ್ಟಿಕೊಟ್ಟು ಕಳಿಸಿದಳು. ಒಂದು ಮಾತೂ ಆಡಿಸದೆ ಇಷ್ಟು ಹೇಳಿದವನಿಗಿಂತ ದೊಡ್ಡ ಗುರು ಇನ್ನಾರು? ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೇಳಿದ ಮೊದಲ ಕಥೆ ಇದೇ. ಅವಳು ಕೊನೆಯವರೆಗೂ ಕೇಳಿದ್ದಳು. ಆಮೇಲೆ, "ಇನ್ನೊಂದ್ಸಲ ಹೇಳಿ," ಅಂದಿದ್ದಳು.

ಈಗ ಕೇಳಿ. ಚಿತ್ರಮಂದಿರದವರು ಮಧ್ಯಾಹ್ನದ ಆಟಕ್ಕೆ ಹಳೆಯ ಚಿತ್ರಗಳನ್ನು ಹಾಕತೊಡಗಿದರು. ಹರಿದ ಸೀಟು ತರಲು ಹೋದವನು ಗೋಡೆಯ ಪೋಸ್ಟರ್ ನೋಡಿ ಸೀಟನ್ನು ಅಲ್ಲೇ ಬಿಟ್ಟು ಬಂದ. ತಟ್ಟೆ ಸಿನಿಮಾ, ಎರಡೇ ದಿನ.

ಅವತ್ತಿನಿಂದ ಕಾಲಿಗೆ ಚಕ್ರ ಕಟ್ಟಿದಂತಾಯಿತು. ಒಂದು ಸೋಫಾಕ್ಕೆ ಹಸಿರು ರೆಕ್ಸಿನ್ ಬಿಗಿಯಬೇಕಾದಲ್ಲಿ ಕಂದು ಬಿಗಿದು ಮತ್ತೆ ಕಿತ್ತ. ತಾನು ಹೊಲಿದದ್ದು ತಪ್ಪಾಗಿದ್ದರೆ? ಆಗ ಗುರು ಎಂದು ಕೈಮುಗಿದದ್ದು ಯಾರಿಗೆ, ಆ ನಿರ್ದೇಶಕನಿಗೋ, ತನ್ನ ಕಟ್ಟುಕಥೆಗೋ? ಹೋಗದೆ ಇದ್ದುಬಿಡೋಣ ಎಂದುಕೊಂಡರೆ ಅದೂ ಆಗದು.

"ನಾನು ಎಂದಿನ ಹಾಗೆ ಮೊದಲೇ ಹೋಗ್ತೀನಿ," ಎಂದಳು ಹೆಂಡತಿ. "ನೀವು ಇಂಟರ್ವಲ್‌ಗೆ ಬನ್ನಿ. ಇವತ್ತು ಗೊತ್ತಾಗ್ಲಿ ನಿಮ್ಮ ಬಂಡವಾಳ."

ಇವನು ಹೋದಾಗ ಅವಳು ಪರದೆಯ ಕಡೆಯಿಂದ ಮುಖ ತಿರುಗಿಸಲಿಲ್ಲ. ಕೈಚೀಲವನ್ನು ಎದೆಗೆ ಅವುಚಿಕೊಂಡಿದ್ದಳು. ಚಿತ್ರ ಅವನು ನೆನೆದಂತೆಯೇ ಸಾಗಿತು. ಆಟ ಬಿಟ್ಟ ಮೇಲೆ, ರಸ್ತೆ ದಾಟುವ ಮೊದಲೇ ಇವನು ಶುರುಮಾಡಿದ.

"ತಂದೆ ಇದ್ದ."

"ಹೂಂ."

"ಮಗನ ಹಟಕ್ಕೆ ನೀರಿಗಿಳಿದ."

"ಹೂಂ."

"ತಾಯಿ ಒಂದು ಮಾತೂ ಬೈಲಿಲ್ಲ."

"ಹೂಂ. ಎಲ್ಲ ಸರಿ. ನಡೀರಿ, ಬಿಸಿಲು."

ಅವನು ಗೆದ್ದಿದ್ದ. ಮನೆ ತಲುಪುವವರೆಗೂ ನೆಲದ ಮೇಲೆ ಕಾಲಿರಲಿಲ್ಲ. ಅಂಗಡಿಗೆ ಬಂದವನೇ ಕ್ಷೌರದವನ ಬಾಗಿಲಲ್ಲಿ ನಿಂತು, "ನೂರಕ್ಕೆ ನೂರು," ಎಂದು ಸಾರಿದ.

ಕ್ಷೌರದವನು ಗಿರಾಕಿಯ ಕೆನ್ನೆಯ ಮೇಲೆ ನೊರೆ ಬಿಟ್ಟು ಹೊರಗೆ ಬಂದ. "ಯಾರು ಕೊಟ್ಟಿದ್ದು? ನಿನ್ನ ಹೆಂಡ್ತೀನಾ? ಲೋ ಇಂಟರ್ವಲ್, ಅಂಗಡಿ ಪರದೆಗೆ ಬಟ್ಟೆ ತರೋಕೆ ಹೋದಾಗ ಅಂಚು ಮಡಿಸೋಕೆ ಒಂದು ಬೆರಳು ಜಾಸ್ತಿ ಬಿಡಮ್ಮ ಅಂದ್ರೆ ಬಿಡಲಿಲ್ಲ ಆಯಮ್ಮ. ನಿನಗೆ ನೂರಕ್ಕೆ ನೂರು ಕೊಟ್ಲಾ?"

ತಮಾಷೆಗೇ ಅಂದದ್ದು. ಆದರೆ ಮಾತು ಮೊಳೆಯ ಹಾಗೆ ಒಳಗಿಳಿಯಿತು. ಇಷ್ಟು ವರ್ಷಗಳಲ್ಲಿ ಒಂದಾದರೂ ಊಹೂಂ ಇಲ್ಲದೆ ಅವಳು ಯಾವ ಚಿತ್ರವನ್ನು ಬಿಟ್ಟಿದ್ದಳು? ಅತಿ ಸುಲಭದ ಚಿತ್ರಕ್ಕೂ, "ಅಂಗಿ ಬಣ್ಣ ನೀಲಿ ಅಲ್ಲ, ಬೂದಿ," ಎಂದು ಒಂದು ಕಳೆಯುವವಳು. ಬಿಸಿಲು ಎಂದಳಲ್ಲ, ಅವತ್ತು ಮೋಡ ಕವಿದಿತ್ತು. ಅಂಗಡಿಯಲ್ಲಿ ಸುತ್ತಿದ, ಬೀದಿಯ ತುದಿಗೆ ಹೋಗಿ ಬಂದ, ಬಾಯಲ್ಲಿ ಕಚ್ಚಿದ್ದ ಮೊಳೆಗಳನ್ನು ಉಗುಳಿ ಮತ್ತೆ ಆರಿಸಿಕೊಂಡ.

ಮರುದಿನ ಮಧ್ಯಾಹ್ನ ಹೆಂಡತಿ ಕೆಲಸಕ್ಕೆ ಹೋದ ಮೇಲೆ ಅಂಗಡಿಯ ಬಾಗಿಲೆಳೆದು ಹೊರಟ. ಚಿತ್ರಮಂದಿರದ ದೀಪ ಆರುವ ಮೊದಲೇ ಒಳಗೆ ಹೋದದ್ದು ಅವನ ಬದುಕಿನಲ್ಲಿ ಅದೇ ಮೊದಲು. ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ತಾನೇ ಸ್ಪಂಜು ತುಂಬಿದ ಸೀಟೊಂದರಲ್ಲಿ ಕೂತ, ಎದ್ದ, ಹಿಂದಿನಿಂದ ಯಾರೋ "ತಲೆ ತಗ್ಗಿಸ್ರಿ" ಎಂದದ್ದಕ್ಕೆ ಮತ್ತೆ ಕೂತ.

ಪರದೆಯ ಮೇಲೆ ಅದೇ ಮನೆ. ಅದೇ ತಾಯಿ, ಅದೇ ಮಗ. ಜೊತೆಗೆ ಒಬ್ಬಳು ಅಕ್ಕ, ನಗುನಗುತ್ತ ಮನೆ ತುಂಬ ಓಡಾಡುವವಳು. ತಂದೆ ಎಂಬ ಮಾತೇ ಇಲ್ಲ. ಅಕ್ಕ ತಟ್ಟೆ ತೊಳೆಯುವಾಗ ಜಾರಿಸುತ್ತಾಳೆ, ಅಂಚು ಮುಕ್ಕಾಗುತ್ತದೆ, ಅಂದಿನಿಂದ ಅದು ಅವಳದೇ ತಟ್ಟೆ. ಹೊಳೆಯಾಚೆಯ ಒಬ್ಬನನ್ನು ಮದುವೆಯಾಗುತ್ತೇನೆಂದಾಗ ತಮ್ಮ ಸಿಟ್ಟಿಗೆದ್ದು ಅವಳ ಪೆಟ್ಟಿಗೆಯನ್ನು ಬೀದಿಗೆ ಎಸೆಯುತ್ತಾನೆ. ಗೋಡೆಯಲ್ಲಿದ್ದ ಅವಳ ಫೋಟೋ ಕಿತ್ತು ಹಾಕುತ್ತಾನೆ. ತಾಯಿ ತಡೆಯುವುದಿಲ್ಲ. ಬಾಗಿಲು ಮುಚ್ಚುತ್ತದೆ. ಇಂಟರ್ವಲ್.

ದೀಪ ಹತ್ತಿತು, ಜನ ಎದ್ದರು. ಇವನು ಏಳಲಿಲ್ಲ. ತಾನು ಹೊಲಿದದ್ದರಲ್ಲಿ ಒಂದೂ ಸರಿಯಿಲ್ಲ. ಎಲ್ಲ ಊಹೂಂ.

ಎರಡನೇ ಅರ್ಧ ಶುರುವಾದಾಗ ಅವನು ತಟ್ಟೆಯನ್ನು ನೋಡಲಿಲ್ಲ, ಗೋಡೆಯನ್ನು ನೋಡಿದ. ಅಲ್ಲಿತ್ತು. ಫೋಟೋ ಇದ್ದಷ್ಟು ಜಾಗ ಬಿಳಿಚಿಕೊಂಡ ಚೌಕ, ಅದರ ಮೇಲೊಂದು ಮೊಳೆ. ಊಟದ ಪ್ರತಿ ದೃಶ್ಯದಲ್ಲೂ ತಾಯಿಯ ಹೆಗಲ ಹಿಂದೆ ನಿರ್ದೇಶಕ ಆ ಬರಿ ಮೊಳೆಯನ್ನು ಬಿಟ್ಟಿದ್ದ. ಸತ್ತವರ ಫೋಟೋ ಗೋಡೆಗೆ ಏರುತ್ತದೆ. ಇಳಿಯುವುದು ಬದುಕಿರುವವರ ಫೋಟೋ, ಸಿಟ್ಟು ಬಂದಾಗ. ಬದುಕಿಡೀ ಮೊಳೆ ಹೊಡೆದವನ ಕಣ್ಣಿಗೆ ಆ ಒಂದು ಮೊಳೆ ಬಿದ್ದಿರಲಿಲ್ಲ. ಹಾಗಾದರೆ ದೋಣಿಯಲ್ಲಿ ಹೋಗುವ ಮಗ ಮನೆ ಬಿಟ್ಟು ಹೋಗುತ್ತಿಲ್ಲ. ಅಕ್ಕನನ್ನು ಕರೆತರಲು ಹೋಗುತ್ತಿದ್ದಾನೆ. ಅಂಚು ಮುಕ್ಕಾದ ತಟ್ಟೆ ತಾಯಿ ಕಳಿಸಿದ ಕರೆ.

ಕಡೆಯ ದೃಶ್ಯ ಬಂದಾಗ, ಹುಡುಗನಾಗಿದ್ದಾಗಿನಿಂದ ಕಂಠಪಾಠವಾಗಿದ್ದ ದೃಶ್ಯವನ್ನು, ಮೊದಲ ಸಲ ನೋಡುವವನ ಹಾಗೆ ನೋಡಿದ.

ಹೊರಗೆ ಬಂದು ಎಲ್ಲೆಲ್ಲೋ ನಡೆದ. ಒಮ್ಮೆ ಖುಷಿ, ಎಂಥ ಗಟ್ಟಿಗ ಆ ಮಹಾರಾಯ ಎಂದು. ಒಮ್ಮೆ ಅವಮಾನ. ಅದರ ಬೆನ್ನಿಗೇ ಹೆಂಡತಿಯ ಮೇಲೆ ಸಿಟ್ಟು. ತನ್ನನ್ನು ಮಗುವಿನ ಹಾಗೆ ಸಮಾಧಾನ ಮಾಡಿದಳಲ್ಲ. ಕಾಲುಗಳು ತಾವಾಗಿಯೇ ಅವಳ ಅಂಗಡಿಗೆ ಬಂದಿದ್ದವು.

ಗಿರಾಕಿಗಳಿರಲಿಲ್ಲ. ಅವಳು ಬಟ್ಟೆಯ ಥಾನು ಸುತ್ತುತ್ತಿದ್ದಳು. ಇವನ ಮುಖ ನೋಡಿದಳು.

"ಎಷ್ಟೊತ್ತಿಗೆ ಒಳಗೆ ಹೋದ್ರಿ?"

"ಹೆಸರು ಬೀಳೋಕೂ ಮುಂಚೆ."

ಸುತ್ತುವ ಕೈ ನಿಂತಿತು.

"ಯಾಕೆ ಹಾಗೆ ಮಾಡ್ದೆ?" ಎಂದ ಇವನು. "ಮುಖಕ್ಕೆ ಹೊಡೆದ ಹಾಗೆ ಊಹೂಂ ಅನ್ನೋಳು ನೀನು. ಇದೊಂದಕ್ಕೆ ಯಾಕೆ ಕರುಣೆ ತೋರಿಸ್ದೆ ನಂಗೆ?"

"ನಿಮಗಲ್ಲ ಕಣ್ರೀ." ಅವಳು ಥಾನನ್ನು ಮೇಜಿನ ಮೇಲಿಟ್ಟಳು. "ನಮ್ಮಪ್ಪ ಹೋದಾಗ ನಾನಿನ್ನೂ ಸ್ಕೂಲಿಗೆ ಹೋಗ್ತಿದ್ದೆ. ಅಳ್ತೀನಿ ಅಂತ ಮನೇಲಿ ಯಾರೂ ಅಪ್ಪನ ಹೆಸರೇ ಎತ್ತಲಿಲ್ಲ. ಬಟ್ಟೆ, ತಟ್ಟೆ, ಲೋಟ, ಎಲ್ಲ ಒಂದೇ ದಿನ ಅಟ್ಟಕ್ಕೆ ಹೋಯ್ತು. ನೀವು ಆ ಕಥೆ ಹೇಳಿದ್ರಲ್ಲ, ಆವಾಗ ಅನ್ನಿಸ್ತು, ಹೀಗೂ ಒಂದು ಮನೆ ಇರ್ಬಹುದು, ಅಲ್ಲಿ ಅಪ್ಪಂಗೆ ದಿನಾ ತಟ್ಟೆ ಇಡ್ತಾರೆ ಅಂತ. ನಿನ್ನೆ ನೋಡಿದ್ರೆ ಆ ತಟ್ಟೆ ಅಕ್ಕಂದು. ಊಹೂಂ ಅಂತ ಹೇಳೋಕೆ ಬಾಯೇ ಬರ್ಲಿಲ್ಲ."

ಸಿಟ್ಟು ಎಲ್ಲಿ ಹೋಯಿತೋ. ಅವನು ಮೇಜಿನ ಈ ತುದಿಯಿಂದ ಆ ತುದಿಗೆ ಹೋದ, ಅಳತೆ ಕೋಲು ಎತ್ತಿದ, ಇಟ್ಟ.

"ಸಿನಿಮಾ ಆ ಡೈರೆಕ್ಟರದು," ಎಂದ ಕೊನೆಗೆ. "ಅದರಲ್ಲಿ ತಟ್ಟೆ ಅಕ್ಕಂದೇ, ಅದನ್ನ ಬದಲಾಯಿಸೋಕಾಗಲ್ಲ. ಆದ್ರೆ ನಿಂಗೆ ಹೇಳಿದ್ನಲ್ಲ, ಆ ಕಥೆ ನಾನು ಮಾಡಿದ್ದು. ಅದು ಅಟ್ಟಕ್ಕೆ ಹೋಗಲ್ಲ ಬಿಡು."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಆದ್ರೂ ಸೋತ್ರಿ ತಾನೇ?"

"ಸೋತೆ. ಗೋಡೆ ನೋಡ್ಲಿಲ್ಲ ನಾನು. ಮೊಳೆ ಇತ್ತು ಕಣೇ ಅಲ್ಲಿ, ಬರೀ ಮೊಳೆ."

"ನಾನೂ ನೋಡ್ಲಿಲ್ಲ," ಎಂದು ಅವಳು ಮತ್ತೆ ಥಾನು ಸುತ್ತತೊಡಗಿದಳು. ಅರ್ಧ ಸುತ್ತಿ ತಲೆಯೆತ್ತಿದಳು. "ರೀ, ದೋಣಿ ಆಚೆ ದಡ ಮುಟ್ಟಿದ ಮೇಲೆ? ಅವನು ತಟ್ಟೆ ಹಿಡ್ಕೊಂಡು ನಿಂತ್ರೆ ಅಕ್ಕ ಬಾಗಿಲು ತೆಗೀತಾಳಾ?"

ಅದನ್ನು ನೋಡಿದವರು ಯಾರೂ ಇಲ್ಲ. ಹೂಂ ಅನ್ನುವವರಿಲ್ಲ, ಊಹೂಂ ಅನ್ನುವವರೂ ಇಲ್ಲ. ಅವನು ಗಿರಾಕಿಗಳ ಸ್ಟೂಲು ಎಳೆದು ಕೂತ. "ಮೊದಲು ತೆಗೆಯಲ್ಲ," ಎಂದು ಶುರುಮಾಡಿದ.

"ತೆಗೀತಾಳೆ," ಎಂದಳು ಅವಳು.

"ತಡಿಯೇ, ಕಿಟಕಿಯಿಂದ ನೋಡ್ತಾಳೆ ಮೊದಲು," ಎನ್ನುತ್ತ ಅವನು ಆಗಲೇ ಎದ್ದಾಗಿತ್ತು. ಕಿಟಕಿ ಎಲ್ಲಿದೆ, ಬಾಗಿಲು ಎಲ್ಲಿದೆ, ತಮ್ಮ ಎಲ್ಲಿ ನಿಂತಿದ್ದಾನೆ ಎಂದು ತೋರಿಸದೆ ಕೂತಲ್ಲೇ ಹೇಳುವುದು ಹೇಗೆ?