ಕುರಿಗಳು ಇಳಿಯದ ಚಳಿಗಾಲ

ಊರಿನವರೆಲ್ಲ ಅವಳನ್ನು ಕಸಿಯಕ್ಕ ಎಂದೇ ಕರೆಯುತ್ತಿದ್ದರು. ಸೇಬಿನ ಗಿಡಕ್ಕೆ ಅವಳು ಕಟ್ಟಿದ ಕಸಿ ಹಿಡಿದಂತೆ ಬೇರೆ ಯಾರು ಕಟ್ಟಿದರೂ ಹಿಡಿಯುತ್ತಿರಲಿಲ್ಲ. ಸೊಂಟದಲ್ಲಿ ಸದಾ ಒಂದು ಮಡಚುವ ಚಾಕು ಇರುತ್ತಿತ್ತು. “ಇವಳ ಪಕ್ಕ ಮಲಗೋಕೂ ಭಯ ಆಗುತ್ತೆ. ಎಲ್ಲಿ ನನ್ನ ಕೈ ಕುಯ್ದು ಯಾವುದಾದ್ರೂ ಮರಕ್ಕೆ ಅಂಟಿಸಿಬಿಡ್ತಾಳೋ ಅಂತ” ಎಂದು ಗಂಡ ಮನೆಗೆ ಬಂದವರನ್ನೆಲ್ಲ ನಗಿಸುತ್ತಿದ್ದ.

ಬೆಟ್ಟದ ನಡುಮೈಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದ ತೋಟ ಅವಳದು. ಅವಳ ಒಬ್ಬಳೇ ತಂಗಿಯನ್ನು ಅದೇ ಬೆಟ್ಟದ ಮೇಲಿನ ಊರಿಗೆ, ಕುರಿ ಸಾಕುವವರ ಮನೆಗೆ ಕೊಟ್ಟಿದ್ದರು. ತೋಟದಲ್ಲಿ ನಿಂತು ಕತ್ತೆತ್ತಿದರೆ ತಂಗಿಯ ಊರಿನ ಹೊಗೆ ಕಾಣುತ್ತಿತ್ತು. ಆದರೆ ಬೆಳಗಾಗುತ್ತಲೇ ಹೊರಟರೆ ಅಲ್ಲಿಗೆ ಸೇರುವ ಹೊತ್ತಿಗೆ ಸಂಜೆ. ತೋಟ ಬಿಟ್ಟು ಇವಳು ಹೋಗುವಂತಿರಲಿಲ್ಲ, ಕುರಿ ಬಿಟ್ಟು ಅವಳು ಬರುವಂತಿರಲಿಲ್ಲ.

ಆದರೂ ಚಳಿಗಾಲವೆಂಬುದೊಂದು ಇತ್ತು. ಮೇಲಿನ ಊರಿನಲ್ಲಿ ಹಿಮ ಬಿದ್ದು ಹುಲ್ಲು ಮುಚ್ಚಿಹೋದರೆ ಮಂದೆಯನ್ನು ಹೊಡೆದುಕೊಂಡು ಅವರೆಲ್ಲ ಕೆಳಗಿಳಿಯುತ್ತಿದ್ದರು. ಹಣ್ಣು ಕಿತ್ತಾದ ತೋಟದಲ್ಲಿ ಕುರಿಗಳು ಉದುರಿದ ಎಲೆ ಮೇಯುತ್ತಿದ್ದವು, ಗೊಬ್ಬರ ಹಾಕುತ್ತಿದ್ದವು. ಮೊದಲು ಗಂಟೆಯ ಸದ್ದು, ಆಮೇಲೆ ನಾಯಿ, ಆಮೇಲೆ ಒದ್ದೆ ಉಣ್ಣೆಯ ವಾಸನೆ, ಎಲ್ಲಕ್ಕಿಂತ ಕೊನೆಯಲ್ಲಿ ನಡೆಯಲಾರದ ಮರಿಯೊಂದನ್ನು ಹೆಗಲಿಗೆ ಹಾಕಿಕೊಂಡ ತಂಗಿ. ಗಂಟೆ ಕೇಳಿದರೆ ಸಾಕು, ಒಲೆಯ ಮೇಲೆ ಏನಿದ್ದರೂ ಹಾಗೇ ಬಿಟ್ಟು ಕಸಿಯಕ್ಕ ಓಡುತ್ತಿದ್ದಳು. ಆ ವರ್ಷದ ಪಾತ್ರೆಗಳೆಲ್ಲ ತಳ ಹಿಡಿಯುವುದು ಆ ದಿನವೇ ಎಂದು ಗಂಡ ಗೊಣಗುತ್ತಿದ್ದ. ಹಿಮ ಕರಗುವವರೆಗೂ ಅಕ್ಕತಂಗಿಯರದು ಒಂದೇ ಕಂಬಳಿ. ತವರಿನ ಮಾತು, ಅತ್ತೆಯಂದಿರ ಮಾತು, ಹೇಳಿದ್ದನ್ನೇ ಹೇಳುವ ಮಾತು. ಗಂಡಂದಿರಿಬ್ಬರೂ ಬೆಂಕಿಯ ಮುಂದೆ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ಆಕಳಿಸುತ್ತಿದ್ದರು.

ಹಿಮ ತಡವಾಗಿ ಬೀಳತೊಡಗಿದ್ದು ಯಾವಾಗಿನಿಂದ ಎಂದು ಯಾರೂ ಗುರುತಿಟ್ಟುಕೊಳ್ಳಲಿಲ್ಲ. ಮೊದಮೊದಲು ತಂಗಿ ಬಂದು ಬಹುಬೇಗ ಹೊರಟುಬಿಡುತ್ತಿದ್ದಳು. ಆಮೇಲೊಂದು ವರ್ಷ ಹಿಮವೇ ಬೀಳಲಿಲ್ಲ. ಮೇಲೆ ಹುಲ್ಲು ಮುಚ್ಚಲಿಲ್ಲ, ಮಂದೆ ಇಳಿಯಲಿಲ್ಲ. ಕಸಿಯಕ್ಕ ದಿನವೂ ಮೇಲಿನ ಪಾಗಾರದ ಗೋಡೆಯ ಹತ್ತಿರ ನಿಂತು ದಾರಿ ನೋಡಿದಳು. ತಂಗಿಗೆಂದು ಬಿಸಿಲಿಗೆ ಹಾಕಿದ ಕಂಬಳಿಯನ್ನು ಮಡಚಿ ಮತ್ತೆ ಪೆಟ್ಟಿಗೆಗೆ ಸೇರಿಸಿದಳು.

ಆ ಸಲ ಗಿಡಗಳೂ ಅವಳ ಹಾಗೇ ನಿದ್ದೆಗೆಟ್ಟವು. ಚಳಿ ಸಾಕಷ್ಟು ಬಿದ್ದರೆ ತಾನೇ ಸೇಬಿನ ಗಿಡಕ್ಕೆ ಕಣ್ತುಂಬ ನಿದ್ದೆ, ಆಮೇಲೆ ತಾನೇ ಎಲ್ಲ ಕೊಂಬೆಯೂ ಒಟ್ಟಿಗೆ ಹೂಬಿಡುವುದು? ಒಂದು ಕೊಂಬೆಯಲ್ಲಿ ಹೂವಿದ್ದರೆ ಇನ್ನೊಂದು ಬೋಳು. ಅಲ್ಲಲ್ಲಿ ಕಟ್ಟಿದ ಕಾಯಿಯೂ ಗೋಲಿಯಷ್ಟಾಗುವ ಹೊತ್ತಿಗೆ ಉದುರಿತು. ಹೀಗೇ ಮೂರು ಬೆಳೆ ಕೈಕೊಟ್ಟ ಮೇಲೆ ಪಕ್ಕದ ತೋಟದವರು ಮರಗಳನ್ನು ಬುಡಸಮೇತ ತೆಗೆಸಿ ಬಟಾಣಿ ಹಾಕಿದರು.

“ನಾವೂ ಹಾಗೇ ಮಾಡೋದು ಒಳ್ಳೇದು ಅನ್ಸುತ್ತೆ” ಎಂದ ಗಂಡ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

“ಮಾಡಿ. ಆದ್ರೆ ಅದಕ್ಕೆ ಮುಂಚೆ ನಾನೊಂದಿಷ್ಟು ಕಸಿ ಕಡ್ಡಿ ಕುಯ್ಕೋತೀನಿ.”

“ಕಡ್ಡಿ ಇಟ್ಕೊಂಡು ಏನ್ಮಾಡ್ತೀಯೆ?”

“ಮೇಲಿನೂರಲ್ಲಿ ಇನ್ನೂ ಸ್ವಲ್ಪ ಚಳಿ ಇದೆಯಂತಲ್ರೀ, ಅಲ್ಲಿ ಕಟ್ತೀನಿ.”

“ಗಿಡ ನೆಪ. ನೀನು ಹೋಗ್ತಿರೋದು ಯಾರಿಗೋಸ್ಕರ ಅಂತ ನಂಗೊತ್ತಿಲ್ವಾ?” ಎಂದ ಗಂಡ. ಆಮೇಲೆ ತಾನೇ ಹೋಗಿ ಏಣಿ ತಂದು ಮರಕ್ಕೆ ಒರಗಿಸಿ, ಕೆಳಗೆ ನಿಂತು ಹಿಡಿದುಕೊಂಡ.

ಚಿಗುರೊಡೆಯುವ ಮುಂಚೆ ಕುಯ್ದ ಕಡ್ಡಿಗಳನ್ನು ಅವಳು ನೆಲಮಾಳಿಗೆಯ ಒದ್ದೆ ಮರಳಿನಲ್ಲಿ ಹೂತಿಟ್ಟಳು. ಮೇಲಿನ ಊರಿನ ಕಾಡುಸೇಬಿನ ಗಿಡಗಳಲ್ಲಿ ರಸ ಏರುವ ಕಾಲ ನೋಡಿಕೊಂಡು ಅವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೆನ್ನಿಗೆ ಕಟ್ಟಿ ಹೊರಟಳು. ದಾರಿಯುದ್ದಕ್ಕೂ ಕೂತು ಕೂತು ಏರಬೇಕಾಯಿತು. ಹಿಂದೆ ಮಂದೆ ಇಳಿಯುವಾಗ ನೀರು ಕುಡಿಯಲು ನಿಲ್ಲುತ್ತಿದ್ದ ಒರತೆಯಲ್ಲಿ ಒಣಗಿದ ಪಾಚಿ ಮಾತ್ರ ಇತ್ತು.

ತಂಗಿ ಅಂಗಳದಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಕ್ಕನನ್ನು ಕಂಡು ಉಣ್ಣೆ ಕೆಳಗಿಟ್ಟು ಎದ್ದಳು. “ಎಷ್ಟು ಸಣ್ಣಗಾಗಿದೀಯಕ್ಕ” ಎಂದಳು.

“ನೀನೇನು ದಪ್ಪಗಿದೀಯಾ?”

ಇಬ್ಬರೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

ಕೊಟ್ಟಿಗೆ ಅರ್ಧ ಖಾಲಿ ಇತ್ತು. ಹಿಮವಿಲ್ಲದಿದ್ದರೆ ಚಳಿಗಾಲ ಸುಲಭ, ಆದರೆ ಕರಗುವುದಕ್ಕೆ ಹಿಮವೇ ಇಲ್ಲವೆಂದ ಮೇಲೆ ಬೇಸಿಗೆಯಲ್ಲಿ ಹುಲ್ಲು ಎಲ್ಲಿಂದ ಬರಬೇಕು ಎಂದ ತಂಗಿಯ ಗಂಡ. ಕಡ್ಡಿಯ ಕಟ್ಟು ಕಂಡು ಅವನ ಹುಬ್ಬು ಗಂಟಾಯಿತು. “ಅತ್ತಿಗೆ, ಕುರಿ ಇರೋ ಊರಲ್ಲಿ ಗಿಡ ಬೆಳೆಸೋದು ಅಂದ್ರೆ ಬೆಕ್ಕಿನ ಮುಂದೆ ಹಾಲಿಟ್ಟ ಹಾಗೆ.”

“ಬೇಲಿ ನಾನು ಕಟ್ತೀನಿ, ನೀವು ಸುಮ್ನಿರಿ” ಎಂದಳು ತಂಗಿ.

ಕೊಟ್ಟಿಗೆಯ ಹಿಂದಿನ ಇಳಿಜಾರಿನಲ್ಲಿ ಹುಳಿಕಾಯಿ ಬಿಡುವ ಕಾಡುಸೇಬುಗಳಿದ್ದವು. ಕಸಿಯಕ್ಕ ಒಂದೊಂದನ್ನೇ ಮೊಣಕಾಲೆತ್ತರಕ್ಕೆ ಕತ್ತರಿಸಿ, ಸೀಳಿ, ಚೂಪು ಮಾಡಿದ ಕಡ್ಡಿಯನ್ನು ಸಿಪ್ಪೆಗೆ ಸಿಪ್ಪೆ ಕೂಡುವಂತೆ ಸೀಳಿನೊಳಗೆ ಇಳಿಸಿದಳು. ತಂಗಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಉಣ್ಣೆದಾರ ಸುತ್ತಿದಳು.

“ಹಣ್ಣು ಯಾವಾಗ ಬಿಡುತ್ತಕ್ಕ?”

“ಸ್ವಲ್ಪ ವರ್ಷ ಬೇಕು.”

“ಅಷ್ಟರಲ್ಲಿ ಇಲ್ಲೂ ಚಳಿ ಹೋದ್ರೆ?”

ಕಸಿಯಕ್ಕ ಗಿಡದ ಗಾಯದ ಮೇಲೆ ಮೇಣ ಬಳಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ಗೊತ್ತಿಲ್ಲ ಕಣೇ. ಗಟ್ಟಿಯಾಗಿ ಸುತ್ತು” ಎಂದಳು.

ಅಲ್ಲಿ ಅವಳು ಉಳಿದದ್ದು ಒಂದು ವಾರ. ಒಂದೇ ಕಂಬಳಿಯಲ್ಲಿ ಮಲಗಿದರು, ಹಳೆಯ ಮಾತೆಲ್ಲ ಆಯಿತು. ಆದರೆ ತಂಗಿ ಮಾತಿನ ನಡುವೆಯೇ ಕುರಿ ಕೆಮ್ಮಿದ ಸದ್ದಿಗೆ ಎದ್ದು ಹೋಗುತ್ತಿದ್ದಳು. ಕಸಿಯಕ್ಕನಿಗೂ ಕೆಳಗಿನ ತೋಟದಲ್ಲಿ ಈಗ ಯಾವ ಮರಕ್ಕೆ ಗರಗಸ ಬಿದ್ದಿರಬಹುದು ಎಂಬ ಯೋಚನೆ. ಹಿಂದಿನ ಚಳಿಗಾಲಗಳಲ್ಲಿ ಇಬ್ಬರಿಗೂ ಮಾಡಲು ಕೆಲಸವೇ ಇರುತ್ತಿರಲಿಲ್ಲ. ಆ ಬಿಡುವನ್ನು ಕೊಡುತ್ತಿದ್ದುದು ಹಿಮ ಎಂಬುದು ಅವಳಿಗೆ ಈಗ ಹೊಳೆಯಿತು.

ಅವಳು ಇಳಿದು ಬರುವ ಹೊತ್ತಿಗೆ ಗಂಡ ಕೆಳಗಿನ ಮೆಟ್ಟಿಲುಗಳನ್ನು ಬಟಾಣಿಗೆ ಹದ ಮಾಡಿಸಿದ್ದ. ಮೇಲಿನ ಒಂದು ಸಾಲು ಸೇಬಿನ ಮರಗಳನ್ನು ಮಾತ್ರ ಮುಟ್ಟಿರಲಿಲ್ಲ. ಬಟಾಣಿ ಪರವಾಗಿಲ್ಲ ಎನ್ನುವಂತೆ ಬಂತು. ಅದನ್ನು ಬಿಡಿಸುವಾಗೆಲ್ಲ ಅವಳಿಗೆ ತೋಟದ ತುಂಬ ಹೂವಿನ ವಾಸನೆ ಹೊಡೆಯುತ್ತಿದ್ದ ಬೆಳಗುಗಳ ನೆನಪು.

ಮೇಲಿನ ಕಸಿಗಳಲ್ಲಿ ಅರ್ಧ ಒಣಗಿದವು. ಒಂದು ತಂಗಿಯ ಟಗರಿನ ಹೊಟ್ಟೆ ಸೇರಿತು. ಉಳಿದವು ಚಿಗುರಿದವು.

ಮುಂದಿನ ಚಳಿಗಾಲವೂ ಕೆಳಗೆ ಬೆಚ್ಚಗೇ ಇತ್ತು. ಒಂದು ಬೆಳಿಗ್ಗೆ ಅವಳು ಅಂಗಳ ಗುಡಿಸುತ್ತಿದ್ದಾಗ ತಂಗಿಯ ಫೋನ್ ಬಂತು.

“ಅಕ್ಕ, ಹಿಮ ಬೀಳ್ತಿದೆ.”

“ಜೋರಾಗಿದೆಯಾ?”

“ಇಲ್ಲ, ನೆಲ ಬೆಳ್ಳಗಾಗೋಷ್ಟು. ಹುಲ್ಲು ಮುಚ್ಚಲ್ಲ. ನಾವು ಇಳಿಯೋ ಹಾಗಿಲ್ಲ ಬಿಡು.”

ಕಸಿಯಕ್ಕ ಪೊರಕೆ ಕೆಳಗಿಟ್ಟು ಜಗಲಿಯ ಮೇಲೆ ಕೂತಳು. “ಗಿಡಗಳ ಮೇಲೂ ಬಿದ್ದಿದೆಯಾ?”

“ಬಿದ್ದಿದೆ.”

“ಫೋನ್ ಸ್ವಲ್ಪ ಹೊರಗೆ ಹಿಡಿಯೇ.”

“ಹಿಮ ಬಿದ್ದದ್ದು ಏನು ಕೇಳಿಸುತ್ತಕ್ಕ? ಸದ್ದೇ ಇರಲ್ಲ.”

“ಗೊತ್ತು” ಎಂದಳು ಕಸಿಯಕ್ಕ. “ನೀನು ಹಿಡ್ಕೋ.”

ತಂಗಿ ಹಿಡಿದುಕೊಂಡಳು. ಇವಳು ಫೋನನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳುತ್ತ ಕೂತಳು.