ತಂಬಾಕಿಲ್ಲದ ತಂಬಾಕಿನ ಕೋಣೆ

ನಮ್ಮ ಮೊಮ್ಮಗಳ ಬರಹ ಪಾಸಾಯಿತು. ಇನ್ನು ಊರೂರಿನ ಕಂಪ್ಯೂಟರುಗಳ ಹೊಟ್ಟೆಯೊಳಗೆ ಅವಳು ಬರೆದದ್ದೂ ಓಡುತ್ತದೆ. ಮುಂಜಾನೆಯಿಂದ ಹಾಲಿನವನಿಗೆ, ಗಿರಣಿಯವನಿಗೆ, ಬಸ್‌ಸ್ಟ್ಯಾಂಡಿನಲ್ಲಿ ಕೂತ ಗುರುತಿಲ್ಲದ ಹೆಂಗಸರಿಗೂ ಹೇಳಿಬಂದೆ. ಅವರಿಗೇನೂ ತಿಳಿಯಲಿಲ್ಲ. ನಾಲ್ಕನೆಯ ಇಯತ್ತೆ ಓದಿದ ನನಗೂ ಅಷ್ಟಕ್ಕಷ್ಟೇ.

ಅವಳು ಕೆಲಸ ಮಾಡುವುದು ಅಕ್ಕೋಳದ ನಮ್ಮ ಮನೆಯ ತಂಬಾಕಿನ ಕೋಣೆಯಲ್ಲಿ. ಅಲ್ಲಿ ತಂಬಾಕಿಲ್ಲ. ನಾವು ತಂಬಾಕು ಬಿಟ್ಟು ಕಬ್ಬು ಹಚ್ಚಿದ ಮೇಲೆ ಮೊದಲು ಗೊಬ್ಬರದ ಚೀಲ, ಆಮೇಲೆ ಸೈಕಲ್ಲು, ಈಗ ಅವಳ ಕಂಪ್ಯೂಟರು ಅಲ್ಲಿ ಬಂದು ಕೂತಿವೆ. ಹೆಸರು ಮಾತ್ರ ಜಾಗ ಬಿಟ್ಟು ಏಳಲಿಲ್ಲ.

ಕಂಪ್ಯೂಟರಿನಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಪಾಳಿ ಹಚ್ಚುವುದಕ್ಕೆ ಆಪರೇಟಿಂಗ್ ಸಿಸ್ಟಮ್ ಅನ್ನುತ್ತಾರಂತೆ. ಅದರೊಳಗೆ ಇವಳು ಡಬ್ಬಿಯಂಥದೊಂದನ್ನು ಮಾಡಿ, ಪಾಳಿಗೆ ಕಾದ ಕೆಲಸಗಳನ್ನು ಇಟ್ಟು, ‘ಕಾಯುವವು’ ಎಂದು ಹೆಸರು ಕೊಟ್ಟಿದ್ದಳು. ಬರೆಯುತ್ತ ಬರೆಯುತ್ತ ಅದರಲ್ಲಿ ಮುಗಿದ ಕೆಲಸಗಳನ್ನು ಇಡತೊಡಗಿದಳು. ಹೆಸರು ಹಾಗೇ ಉಳಿಯಿತು. ಅವಳ ಬರಹದ ತಪಾಸಣೆ ಮಾಡುವವರು ಅದನ್ನು ತಿರುಗಿ ಕಳಿಸಿದರು. ಹೆಸರು ಒಂದು, ಒಳಗಿರುವುದು ಇನ್ನೊಂದು, ಮುಂದೆ ಓದುವವರು ದಾರಿ ತಪ್ಪುತ್ತಾರೆ. ಈ ವಾರ ತಿದ್ದದಿದ್ದರೆ ಬೇರೆಯವರ ಬರಹ ತೆಗೆದುಕೊಳ್ಳುತ್ತೇವೆ ಎಂದರಂತೆ. ಇವಳು ಹಟಕ್ಕೆ ಬಿದ್ದಳು. ಕೆಲಸ ಬರೋಬ್ಬರಿ ನಡೆದಿರುವಾಗ ಹೆಸರಿನ ಉಸಾಬರಿ ಯಾಕೆ ಎಂದು ಜಗಳ ತೆಗೆದಳು, ಅವರ ಜೊತೆಗಲ್ಲ, ರೊಟ್ಟಿ ಬಡಿಯುತ್ತಿದ್ದ ನನ್ನ ಜೊತೆಗೆ.

ಅಷ್ಟರಲ್ಲಿ ಇಂಟರ್ನೆಟ್ಟು ನಿಂತಿತು. ನಿಪ್ಪಾಣಿಯಿಂದ ಬಂದ ರಿಪೇರಿಯವನಿಗೆ ತಂಬಾಕಿನ ಕೋಣೆಯಲ್ಲಿ ನೋಡಪ್ಪಾ ಎಂದೆ. ಬಹಳ ಹೊತ್ತು ಪತ್ತೆಯೇ ಇಲ್ಲ. ಅಂಗಳಕ್ಕೆ ಬಂದು ನೋಡಿದರೆ ಆತ ಪಕ್ಕದ ಮನೆಯಿಂದ ಸೀನುತ್ತ, ಕೆಂಪು ಕಣ್ಣು ಒರೆಸಿಕೊಳ್ಳುತ್ತ ಬರುತ್ತಿದ್ದ. ಅವರ ಕೋಣೆಯಲ್ಲಿ ಖರೇ ತಂಬಾಕೇ ಇತ್ತು. ಚೀಲ ಸರಿಸಿ ಸರಿಸಿ ವೈರು ಹುಡುಕಿದ್ದನಂತೆ.

“ತಂಬಾಕಿನ ಕೋಣಿ ಅಂದ್ರಿ, ತಂಬಾಕ ಇದ್ದಲ್ಲಿ ಹೋಗೇನ್ರಿ ಆಯಿ. ಇದ್ರಾಗ ನಂದೇನ್ ತಪ್ಪೈತಿ?”

ಮೊಮ್ಮಗಳು ನೆಲಕ್ಕೆ ಕೂತು ನಕ್ಕಳು. ನಗುತ್ತ ನಗುತ್ತ ಒಮ್ಮೆಲೇ ಎದ್ದು ನನ್ನ ಕಡೆ ತಿರುಗಿದಳು.

“ಆಯಿ, ನಾನೂ ಇದನ್ನ ಮಾಡೇನಿ ನೋಡು.”

ವೈರು ಕೂಡಿದ್ದೇ ತಡ, ಡಬ್ಬಿಗೆ ‘ಮುಗಿದ ಕೆಲಸಗಳು’ ಎಂದು ಹೆಸರಿಟ್ಟು, ಹಳೆಯ ಹೆಸರು ಬಂದ ಕಡೆಯೆಲ್ಲ ಹುಡುಕಿ ಹುಡುಕಿ ತಿದ್ದಿದಳು. ಒಂದು ಕಡೆ ಬಿಟ್ಟರೂ ಕೆಲಸ ಕೆಡುತ್ತದಂತೆ. ಇವತ್ತು ಒಪ್ಪಿಗೆ ಬಂತು.

ಆ ಹುರುಪಿನಲ್ಲಿ ನಾನು, ಇನ್ನು ಅದಕ್ಕೆ ಕಂಪ್ಯೂಟರಿನ ಕೋಣೆ ಎನ್ನಬೇಕೆಂದು ಮನೆಗೆಲ್ಲ ಹುಕುಂ ಮಾಡಿದೆ. ನಮ್ಮ ಯಜಮಾನರು ಮಾತ್ರ ಕಬ್ಬಿಗೆ ನೀರು ಬಿಡಲು ಹೋಗಿದ್ದರು. ಹೊತ್ತು ಮುಳುಗುವುದರೊಳಗೆ ಉಣ್ಣುವ ಮನೆ ನಮ್ಮದು. ಹೋಳಿಗೆ ಆರುತ್ತಿತ್ತು. ಅವರು ಬಂದೊಡನೆ, ಕಂಪ್ಯೂಟರಿನ ಕೋಣೆಯಿಂದ ಮೊಮ್ಮಗಳನ್ನು ಕರೆಯಿರಿ ಎಂದೆ. ಅವರು ಮಾಳಿಗೆ ಹತ್ತಿ ಇಳಿದು, ಕೊಟ್ಟಿಗೆಯನ್ನೂ ಇಣುಕಿ ಬಂದು, “ಅಂಥಾ ಕೋಣಿ ನಮ್ಮ ಮನ್ಯಾಗ ಯಾವಾಗ ಕಟ್ಟಿಸ್ಯಾರ?” ಎಂದು ನನ್ನನ್ನೇ ಕೇಳಿದರು.

ಹೊರಗೆ ಬಿಸಿಲು ಗೋಡೆಯ ತುದಿಗೆ ಹೋಗಿತ್ತು.

“ತಂಬಾಕಿನ ಕೋಣ್ಯಾಗ ಅದಾಳ, ಲಗೂ ಹೋಗ್ರಿ,” ಎಂದೆ.

ಅವಳು ನಗುತ್ತಲೇ ಬಂದು ಅಜ್ಜನ ಮಗ್ಗುಲಿಗೆ ಕೂತಳು. ಎಲ್ಲರೂ ಒಂದೇ ಸಾಲಿನಲ್ಲಿ ಕೂತು, ಬೆಳಕಿರುವಾಗಲೇ, ತುಪ್ಪ ಸುರಿದುಕೊಂಡು ಹೋಳಿಗೆ ಉಂಡೆವು.