ಅಳೆಯದೆ ಜೋಡಿಸಿದ ಬ್ರೇಕ್

2016ರ ಜನವರಿಯಲ್ಲಿ ನಾನು ಲಾಸ್ ಏಂಜಲೀಸ್‌ನ ಕಲ್ವರ್ ಸಿಟಿಯಲ್ಲಿ, ಬೆಟ್ಟ ಹತ್ತುವವರ ಸಾಮಾನು ಮಾರುವ ಒಂದು ಅಂಗಡಿಯಲ್ಲಿ ಸ್ಕೀ, ಅಂದರೆ ಹಿಮದ ಮೇಲೆ ಜಾರಲು ಕಾಲಿಗೆ ತೊಡುವ ಹಲಗೆಗಳನ್ನು, ರಿಪೇರಿ ಮಾಡುವ ಟೆಕ್ನಿಷಿಯನ್ ಆಗಿದ್ದೆ. ಹಿಮವೇ ಬೀಳದ ಊರಿನಲ್ಲಿ ಸ್ಕೀ ರಿಪೇರಿ ಯಾರಿಗೆ ಬೇಕು ಎಂದು ಹುಬ್ಬಳ್ಳಿಯ ಹಳೆಯ ಸಹೋದ್ಯೋಗಿಗಳು ಕೇಳುತ್ತಿದ್ದರು. ಐದು ಗಂಟೆ ಡ್ರೈವ್ ಮಾಡಿದರೆ ಪೂರ್ವ ಸಿಯೆರಾ ಪರ್ವತಗಳು ಸಿಗುತ್ತವೆ. ಶುಕ್ರವಾರ ಹೊರಟು ಭಾನುವಾರ ಮರಳುವವರು ನಮ್ಮ ಗಿರಾಕಿಗಳು.

ಅದಕ್ಕೂ ಮೊದಲು ಹನ್ನೊಂದು ವರ್ಷ ಹುಬ್ಬಳ್ಳಿಯ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕಿಯಾಗಿದ್ದೆ. 2008ರಲ್ಲಿ ಗಂಡನ ಕೆಲಸದ ಜೊತೆ ಇಲ್ಲಿಗೆ ಬಂದೆ. 2011ರಲ್ಲಿ ಅವರ ಕೆಲಸ ಟೆಕ್ಸಸ್‌ಗೆ ಹೋಯಿತು, ನಾನು ಹೋಗಲಿಲ್ಲ. ಅಂಗಡಿಯ ಕೌಂಟರ್‌ನಲ್ಲಿದ್ದವಳು, ಹಿರಿಯ ಟೆಕ್ನಿಷಿಯನ್ ನಿವೃತ್ತರಾದಾಗ ತರಬೇತಿ ಮುಗಿಸಿ, ಪರೀಕ್ಷೆ ಬರೆದು ರಿಪೇರಿ ಬೆಂಚಿಗೆ ಬಂದೆ. ಪತ್ರಿಕೆಯ ಡೆಸ್ಕ್‌ನಲ್ಲಿ ಕಲಿತ ಒಂದು ಅಭ್ಯಾಸ ಬೆಂಚಿಗೂ ಒದಗಿತು. ಬೇರೆಯವರು ಕೊಟ್ಟ ಅಂಕಿಯನ್ನು ಪರಿಶೀಲಿಸದೆ ಅಚ್ಚಿಗೆ ಕಳಿಸಬಾರದು. ಈ ಬರಹ ಆ ಅಭ್ಯಾಸ ತಪ್ಪಿದ ಒಂದು ಗುರುವಾರದ ಕುರಿತು.

ಮೊದಲು ಬ್ರೇಕ್ ಎಂದರೇನು ಎಂದು ಹೇಳಬೇಕು. ಮೇಲಕ್ಕೆ ಒಯ್ಯುವ ಲಿಫ್ಟ್ ಇಲ್ಲದ ಹಿಮಬೆಟ್ಟವನ್ನು ಸ್ಕೀ ತೊಟ್ಟೇ ಹತ್ತಿ, ಅದೇ ಸ್ಕೀಯಲ್ಲಿ ಇಳಿಯುವುದನ್ನು ಬ್ಯಾಕ್‌ಕಂಟ್ರಿ ಸ್ಕೀಯಿಂಗ್ ಎನ್ನುತ್ತಾರೆ. ಬೂಟನ್ನು ಸ್ಕೀಗೆ ಹಿಡಿದಿಡುವ ಸಾಧನ ಬೈಂಡಿಂಗ್. ಬಿದ್ದಾಗ ಕಾಲು ಮುರಿಯದಿರಲೆಂದು ಅದು ಬೂಟನ್ನು ಬಿಟ್ಟುಬಿಡುತ್ತದೆ. ಹಾಗೆ ಕಳಚಿದ ಸ್ಕೀ ಇಳಿಜಾರಿನಲ್ಲಿ ಓಡಿಹೋಗದಂತೆ ತಡೆಯಲು ಹಿಮ್ಮಡಿಯ ಕೆಳಗೆ ಬ್ರೇಕ್ ಇರುತ್ತದೆ. ಅದು ಸ್ಪ್ರಿಂಗಿಗೆ ಸಿಕ್ಕಿಸಿದ ಎರಡು ಉಕ್ಕಿನ ತೋಳು, ಅಷ್ಟೆ. ಬೂಟು ಒತ್ತಿರುವವರೆಗೆ ತೋಳುಗಳು ಮೇಲೆ ಮಡಚಿಕೊಂಡಿರುತ್ತವೆ. ಬೂಟು ಬಿಟ್ಟೊಡನೆ ಸ್ಕೀಯ ಎರಡೂ ಪಕ್ಕದಿಂದ ಕೆಳಗಿಳಿದು ಹಿಮಕ್ಕೆ ಚುಚ್ಚಿಕೊಳ್ಳುತ್ತವೆ. ತೋಳುಗಳ ನಡುವಿನ ಅಂತರ ಸ್ಕೀಯ ಅಗಲಕ್ಕೆ ಸಾಲದಿದ್ದರೆ ಅವು ಇಳಿಯದೆ ಸ್ಕೀಯ ಮೇಲೆಯೇ ಕೂರುತ್ತವೆ. ತೀರಾ ಹೆಚ್ಚಾದರೆ ತಿರುವಿನಲ್ಲಿ ಹಿಮಕ್ಕೆ ತಾಗಿ ಎಡವಿಸುತ್ತವೆ. ನಮ್ಮ ಬೆಂಚಿನ ನಿಯಮದಂತೆ ಬ್ರೇಕ್ ಸ್ಕೀಗಿಂತ ಕಿರಿದಾಗಿರಬಾರದು, ಅದಕ್ಕಿಂತ ಹದಿನೈದು ಮಿಲಿಮೀಟರ್‌ಗೂ ಹೆಚ್ಚು ಅಗಲವಾಗಿಯೂ ಇರಬಾರದು.

ನಾಗಭೂಷಣ್ ಅವರಿಗೆ ಆಗ ಅರವತ್ತೊಂದು ವರ್ಷ. ಮೈಸೂರಿನವರು. ಸ್ಯಾನ್ ಡಿಯೇಗೋದ ಸೊರೆಂಟೊ ವ್ಯಾಲಿಯಲ್ಲಿ ಚಿಪ್ ಪರೀಕ್ಷಿಸುವ ಎಂಜಿನಿಯರ್ ಆಗಿದ್ದವರು; ಹಿಂದಿನ ವರ್ಷ ಕೆಲಸ ಹೋಗಿತ್ತು. ಮದುವೆಯಾಗಿರಲಿಲ್ಲ. ನಲವತ್ತೈದು ದಾಟಿದ ಮೇಲೆ ಸ್ಕೀ ಕಲಿತು, ಚಳಿಗಾಲವಿಡೀ ತಮ್ಮ ವ್ಯಾನ್‌ನಲ್ಲಿ ಮಲಗಿ ಸಿಯೆರಾದಲ್ಲಿ ಒಬ್ಬರೇ ಓಡಾಡುತ್ತಿದ್ದರು. ಅವರ ಮನೆಯ ಹತ್ತಿರವೇ ಇಂಥ ಅಂಗಡಿಗಳಿದ್ದವು. ಆದರೂ ಎರಡೂವರೆ ಗಂಟೆ ಟ್ರಾಫಿಕ್‌ನಲ್ಲಿ ಕೂತು ನಮ್ಮಲ್ಲಿಗೆ ಬರುತ್ತಿದ್ದರು. "ನಿಮ್ಮ ಕೆಲಸ ನೀಟು" ಎನ್ನುತ್ತಿದ್ದರು. ಒಂದು ಸ್ಕ್ರೂ ಬಿಗಿ ಮಾಡಿಸಲು ಯಾರೂ ಅಷ್ಟು ದೂರ ಬರುವುದಿಲ್ಲ. ವಾರದಲ್ಲಿ ಅವರು ಕನ್ನಡ ಮಾತಾಡುತ್ತಿದ್ದದ್ದು ನನ್ನ ಜೊತೆ ಮಾತ್ರ. ನಾನೂ ಅಷ್ಟೆ.

ನಾನು ಸರ್ ಎಂದಾಗಲೆಲ್ಲ ರೇಗಿಸುತ್ತಿದ್ದರು.

"ಸರ್ ಅನ್ಬೇಡಿ ಹುಬ್ಬಳ್ಳಿಯಮ್ಮ. ಕೊನೇ ಸಲ ನನ್ನ ಸರ್ ಅಂದಿದ್ದು ಎಚ್‌ಆರ್‌ನವಳು. ಅಂದು, ಕೈಗೆ ಕವರ್ ಕೊಟ್ಲು."

"ಹಂಗಾದ್ರ ಏನಂತ ಕರೀಲ್ರಿ?"

"ಆ 'ರೀ' ಇದ್ಯಲ್ಲ, ಅಷ್ಟೇ ಸಾಕು. ಅದ್ರಲ್ಲೇ ಅರ್ಧ ಮರ್ಯಾದೆ, ಅರ್ಧ ಜಗಳ ಎರಡೂ ಇದೆ."

ಪ್ರತಿ ಪ್ರವಾಸದ ನಂತರದ ಸೋಮವಾರ ಅಂಗಡಿಗೆ ಅವರ ಫೋನ್ ಬರುತ್ತಿತ್ತು. "ಬಂದೆ ಕಣಮ್ಮ" ಎಂದು ಹೇಳಿ, ಹಿಮ ಹೇಗಿತ್ತೆಂದು ಎರಡು ಮಾತಾಡಿ ಇಡುತ್ತಿದ್ದರು.

ಆ ಗುರುವಾರ ಮಧ್ಯಾಹ್ನ ಅವರು ಹೊಸದಾಗಿ ಕೊಂಡ ಅಗಲದ ಸ್ಕೀಗಳನ್ನೂ ಹಳೆಯ ಬೈಂಡಿಂಗ್‌ಗಳನ್ನೂ ತಂದರು. ಬೈಂಡಿಂಗ್ ಹೊಸ ಸ್ಕೀಗೆ ಜೋಡಿಸಬೇಕು, ಬ್ರೇಕ್ ಬದಲಾಯಿಸಬೇಕು, ಮರುದಿನ ಬೆಳಿಗ್ಗೆ ಅವರು ಹೊರಡಬೇಕು. ಹಳೆಯ ಬ್ರೇಕ್ ತೊಂಬತ್ತು ಮಿಲಿಮೀಟರಿನದು. ಹೊಸ ಸ್ಕೀಗೆ ಸಾಲದು. ಆ ಬೈಂಡಿಂಗ್ ಹಳೆಯ ಮಾದರಿಯದು. ತಯಾರಕರು ನಂತರ ಹಿಮ್ಮಡಿಯ ಭಾಗವನ್ನೇ ಬದಲಿಸಿದ್ದರಿಂದ ಹೊಸ ಮಾದರಿಯ ಬ್ರೇಕ್ ಅದಕ್ಕೆ ಕೂರುವುದಿಲ್ಲ. ಹಳೆಯ ಮಾದರಿಗೆ ಹೊಂದುವ ಒಂದೇ ಜೊತೆ ನಮ್ಮಲ್ಲಿತ್ತು, ನೂರು ಮಿಲಿಮೀಟರಿನದು. ನೂರ ಹದಿನೈದರದು ಬೇಕಾದರೆ ಆರ್ಡರ್ ಮಾಡಿ ಹತ್ತು ದಿನ ಕಾಯಬೇಕು.

"ಸ್ಕೀ ಅಗಲ ಎಷ್ಟೈತ್ರಿ?" ಎಂದೆ.

"ತೊಂಬತ್ತೊಂಬತ್ತು. ನೂರು ಸರಿಯಾಗತ್ತೆ."

ತೊಂಬತ್ತೊಂಬತ್ತಾದರೆ ನೂರು ನಿಯಮದೊಳಗೇ ಇತ್ತು. ನಾನು ಬೈಂಡಿಂಗ್ ಜೋಡಿಸಿ, ಬ್ರೇಕ್ ಕೂರಿಸಿ, ಬೂಟು ಹಾಕಿ ಬಿಡಿಸಿ ಪರೀಕ್ಷಿಸಿದೆ. ಎಡಗಡೆಯದು ಟಪ್ಪೆಂದು ಇಳಿಯಿತು. ಬಲಗಡೆಯದು ಇಳಿಯುವಾಗ ತೋಳು ಸ್ಕೀಯ ಪಕ್ಕಕ್ಕೆ ಉಜ್ಜಿದ ಸಣ್ಣ ಸದ್ದು ಬಂತು. ನಾನು ಡ್ರಾಯರ್‌ನಿಂದ ಅಗಲ ಅಳೆಯುವ ಕ್ಯಾಲಿಪರ್ ತೆಗೆದೆ.

"ಒಮ್ಮೆ ಅಳದು ನೋಡ್ತೀನ್ರಿ."

ಅವರು ಬೆಂಚಿಗೆ ಮೊಣಕೈ ಊರಿ ನಕ್ಕರು. "ಮೂವತ್ತು ವರ್ಷ ನ್ಯಾನೋಮೀಟರ್ ಅಳೆದಿದೀನಿ ಕಣಮ್ಮ. ನನ್ನ ಒಂದು ಮಿಲಿಮೀಟರ್ ನಂಬಲ್ವಾ?"

ನಾನು ನಕ್ಕು ಕ್ಯಾಲಿಪರ್ ಡ್ರಾಯರ್‌ಗೆ ಹಾಕಿದೆ. ಬೇರೆ ಯಾವ ಗಿರಾಕಿಯೇ ಆಗಿದ್ದರೂ ಅಳೆದೇ ಅಳೆಯುತ್ತಿದ್ದೆ. ಅಮೆರಿಕನ್ ಗಿರಾಕಿಯ ಅಂಕಿಯನ್ನು ಮರುಪರಿಶೀಲಿಸಿದರೆ ಅದು ಕೆಲಸ ಎನಿಸುತ್ತಿತ್ತು. ವಯಸ್ಸಿನಲ್ಲಿ ಹಿರಿಯರು, ನಮ್ಮವರು, ಕೆಲಸ ಕಳೆದುಕೊಂಡ ಎಂಜಿನಿಯರ್. ಅವರ ಎದುರಿಗೇ ಅವರ ಅಳತೆಯನ್ನು ಮತ್ತೆ ಅಳೆಯಲು ಕೈ ಬರಲಿಲ್ಲ. ಕೆಲಸದ ಚೀಟಿಯಲ್ಲಿ 'ಅಗಲ ಅಳೆದವರು' ಎಂಬ ಸಾಲಿತ್ತು. ಅದರ ಮುಂದೆ 99 ಎಂದು ಬರೆದು ನನ್ನ ಸಹಿ ಹಾಕಿದೆ.

ಚೀಟಿಯ ಕೆಳಗೆ ತುರ್ತು ಸಂಪರ್ಕದ ಸಾಲನ್ನು ಅವರು ತುಂಬಿದ್ದರು. ಆ ನಂಬರ್ ಪರಿಚಿತವಾಗಿ ಕಂಡಿತು.

"ಇದು ನಮ್ಮ ಅಂಗಡಿ ನಂಬರ್ ಐತಲ್ರಿ."

"ಹೌದು. ನೀವು ಫೋನ್ ತೆಗೀತೀರಲ್ಲ." ಅವರು ಸ್ಕೀಗಳನ್ನು ಹೆಗಲಿಗೇರಿಸಿಕೊಂಡರು. "ಸೋಮವಾರ ಮಾಡ್ತೀನಿ."

ಆ ಉಜ್ಜಿದ ಸದ್ದು ಮಾತ್ರ ಕಿವಿಯಲ್ಲಿ ಉಳಿಯಿತು. ಶುಕ್ರವಾರ ಊಟದ ಬಿಡುವಿನಲ್ಲಿ ನಮ್ಮ ಸ್ಟ್ಯಾಂಡ್‌ನಲ್ಲಿದ್ದ ಅದೇ ಕಂಪನಿಯ, ಅದೇ ಮಾದರಿಯ, ಅದೇ ಉದ್ದದ ಸ್ಕೀಯನ್ನು ಅಳೆದೆ. ನಡುವಿನ ಅತಿ ಕಿರಿದಾದ ಜಾಗದಲ್ಲಿ 101. ಬ್ರೇಕ್ ಇಳಿಯುವುದು ಅಲ್ಲಿ ಅಲ್ಲ, ಸ್ವಲ್ಪ ಹಿಂದೆ, ಹಿಮ್ಮಡಿಯ ಹತ್ತಿರ. ಅಲ್ಲಿ 103. ಕಂಪನಿಯ ವೆಬ್‌ಸೈಟ್ ನೋಡಿದೆ. ಅಲ್ಲಿ ಕೊಟ್ಟಿದ್ದ 99 ಆ ಮಾದರಿಯ ಗಿಡ್ಡ ಸ್ಕೀಯ ಅಳತೆ. ಉದ್ದ ಹೆಚ್ಚಿದಂತೆ ಅಗಲವೂ ಹೆಚ್ಚುತ್ತದೆ. ನಾಗಭೂಷಣ್ ಅಳೆದಿರಲಿಲ್ಲ, ಓದಿದ್ದರು. ನೂರು ಎಂದು ಬರೆದ ಬ್ರೇಕಿನ ತೋಳುಗಳ ನಡುವೆ ನಿಜಕ್ಕೂ ಎರಡು ಮೂರು ಮಿಲಿಮೀಟರ್ ಹೆಚ್ಚು ಜಾಗ ಇರುತ್ತದೆ, ಆದ್ದರಿಂದಲೇ ಬೆಂಚಿನ ಮೇಲೆ ಉಜ್ಜಿಕೊಂಡಾದರೂ ಇಳಿದಿತ್ತು. ಸ್ಕೀಯ ಪಕ್ಕದಲ್ಲಿ ತೆಳುವಾಗಿ ಮಂಜುಗಡ್ಡೆ ಕಟ್ಟಿದರೂ ಸಾಕು, ಇಳಿಯುವುದಿಲ್ಲ.

ಫೋನ್ ಮಾಡಿದೆ. ವಾಯ್ಸ್‌ಮೇಲ್‌ಗೆ ಹೋಯಿತು. "ಆ ಸ್ಕೀ ಹಾಕ್ಕೋಬ್ಯಾಡ್ರಿ. ಬ್ರೇಕ್ ಸಣ್ಣದೈತಿ. ನಾ ಅಳೀಲಿಲ್ಲ, ತಪ್ಪು ನಂದು. ವಾಪಸ್ ಬರ್ರಿ" ಎಂದು ಹೇಳಿದೆ. ಸಂಜೆಯವರೆಗೆ ಆರು ಸಲ ಮಾಡಿದೆ. ಆ ಕಣಿವೆಗಳಲ್ಲಿ ಸಿಗ್ನಲ್ ಇರುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಶನಿವಾರ ಹನ್ನೆರಡು ಜೊತೆ ಸ್ಕೀಗಳ ಕೆಲಸ ಮುಗಿಸಿದೆ. ಭಾನುವಾರ ರಜೆ. ಬಟ್ಟೆ ಒಗೆಯಲು ಬೀದಿಯ ಲಾಂಡ್ರಿಗೆ ಹೋಗಿ, ಮಷಿನ್ ನಿಂತ ಮೇಲೂ ಬಹಳ ಹೊತ್ತು ಅಲ್ಲೇ ಕೂತಿದ್ದೆ. ಯಾರಿಗಾದರೂ ಹೇಳೋಣವೆಂದರೆ, ಇಂಥ ಮಾತು ಹೇಳಬಹುದಾದವರು ಒಬ್ಬರೇ. ಅವರೇ ಬೆಟ್ಟದ ಮೇಲಿದ್ದರು.

ಸೋಮವಾರ ಅಂಗಡಿಯ ಫೋನ್ ಒಂಬತ್ತು ಸಲ ಬಡಿಯಿತು. ಒಂಬತ್ತೂ ಬೇರೆಯವರು. ನಾಲ್ಕು ಗಂಟೆಗೆ ಆ ಬೆಟ್ಟಗಳಿರುವ ಜಿಲ್ಲೆಯ ಪೊಲೀಸ್, ಅಂದರೆ ಶೆರಿಫ್ ಕಚೇರಿಗೆ ಕರೆ ಮಾಡಿದೆ. ಫೋನ್ ತೆಗೆದ ಮಹಿಳೆ ಸಹನೆಯಿಂದ ಒಂದೊಂದಾಗಿ ಕೇಳಿದರು. ಹೆಸರು, ವಯಸ್ಸು, ವ್ಯಾನ್‌ನ ಬಣ್ಣ ಹೇಳಿದೆ. ಯಾವ ಕಣಿವೆ ಎಂದರು. ಗೊತ್ತಿರಲಿಲ್ಲ. ನೀವು ಅವರಿಗೆ ಏನಾಗಬೇಕು ಎಂದರು. ಅಂಗಡಿಯವಳು ಎಂದೆ. ಕೇಳಿಸದವರಂತೆ ಮತ್ತೊಮ್ಮೆ ಕೇಳಿದರು. ಅವರ ತುರ್ತು ಸಂಪರ್ಕ ನಾನೇ ಎಂದೆ. ರಸ್ತೆಗಳ ಕೊನೆಯ ಪಾರ್ಕಿಂಗ್ ಜಾಗಗಳಲ್ಲಿ ವ್ಯಾನ್ ಹುಡುಕಲು ಬೆಳಿಗ್ಗೆ ಹೇಳುತ್ತೇವೆ, ಕಣಿವೆ ಗೊತ್ತಿಲ್ಲದೆ ಅದಕ್ಕಿಂತ ಹೆಚ್ಚು ಮಾಡಲಾಗದು ಎಂದರು.

ಮಂಗಳವಾರ ಹನ್ನೊಂದೂವರೆಗೆ ನಾಗಭೂಷಣ್ ಅಂಗಡಿಯ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಕುಂಟುತ್ತಿದ್ದರು. ಬಲಗೈಯ ಎರಡು ಬೆರಳಿಗೆ ಬ್ಯಾಂಡೇಜ್. ಹೆಗಲ ಮೇಲೆ ಒಂದೇ ಸ್ಕೀ.

"ಒಂದು ತಂದಿದೀನಿ ಕಣಮ್ಮ. ಇನ್ನೊಂದು ನಾನು ಬರಲ್ಲ, ಇಲ್ಲೇ ಚೆನ್ನಾಗಿದೆ ಅಂತು."

ಕುರ್ಚಿ ಕೊಟ್ಟೆ. ಮೊದಲು ಶೆರಿಫ್ ಕಚೇರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ನಂತರ ಅವರು ನಡೆದದ್ದನ್ನು ಹೇಳಿದರು. ಭಾನುವಾರ ಬೆಳಿಗ್ಗೆ ಇಳಿಯುವಾಗ ಬಿದ್ದರು. ಬಲಗಾಲಿನ ಸ್ಕೀ ಕಳಚಿತು. ನಿಲ್ಲಬೇಕಿದ್ದ ಸ್ಕೀ ನಿಲ್ಲಲಿಲ್ಲ. ಅವರ ಕಣ್ಣೆದುರೇ ಜಾರಿ ಬಂಡೆಗಳ ಆಚೆ ಮರೆಯಾಯಿತು. ತೊಡೆಯವರೆಗೆ ಹೂತುಹೋಗುವ ಹಿಮದಲ್ಲಿ ಏಳು ಗಂಟೆ ನಡೆದು ವ್ಯಾನ್ ಮುಟ್ಟಿದರು. ಫೋನ್ ಒದ್ದೆಯಾಗಿ ಸತ್ತಿತ್ತು. ಸೋಮವಾರ ಆಸ್ಪತ್ರೆಯಲ್ಲಿದ್ದರು. ಚಳಿಗೆ ಮರಗಟ್ಟಿದ ಬೆರಳುಗಳು ಉಳಿಯುತ್ತವೆ, ಆದರೆ ಸ್ಪರ್ಶ ಮರಳಲು ತಿಂಗಳುಗಳು ಬೇಕು ಎಂದು ಡಾಕ್ಟರ್ ಹೇಳಿದ್ದರಂತೆ.

"ವಯಸ್ಸಾಯ್ತು ಅಷ್ಟೆ" ಎಂದರು. "ಬೀಳೋದಕ್ಕೂ ಒಂದು ಸ್ಟೈಲ್ ಬೇಕು. ನಂದು ಹೋಗ್ಬಿಟ್ಟಿದೆ. ಇನ್ನು ಈ ಆಟ ಸಾಕು."

ನನ್ನ ವಾಯ್ಸ್‌ಮೇಲ್ ಅವರು ಕೇಳಿಯೇ ಇರಲಿಲ್ಲ. ತಪ್ಪು ತಮ್ಮ ಕಾಲಿನದು ಎಂದು ನಂಬಿದ್ದರು, ಆ ನಂಬಿಕೆಯ ಮೇಲೆ ಬೆಟ್ಟವನ್ನೇ ಬಿಡಲು ಸಿದ್ಧರಾಗಿದ್ದರು. ಸತ್ಯ ಗೊತ್ತಿದ್ದವಳು ನಾನೊಬ್ಬಳೇ. ಹೇಳಿದರೆ ಬೆಂಚಿನ ಕೆಲಸ ಹೋಗಬಹುದು, ಅವರು ಬರುವುದನ್ನು ನಿಲ್ಲಿಸಲೂಬಹುದು. ಈ ಎರಡರಲ್ಲಿ ಹೆಚ್ಚು ಹೆದರಿಸಿದ್ದು ಎರಡನೆಯದು.

ನಾನು ಕ್ಯಾಲಿಪರ್ ತೆಗೆದು, ಉಳಿದ ಸ್ಕೀಯನ್ನು ಬೆಂಚಿಗೆ ಬಿಗಿದು, ಅವರ ಎದುರಿಗೇ ಹಿಮ್ಮಡಿಯ ಜಾಗವನ್ನು ಅಳೆದು ತೋರಿಸಿದೆ.

"ನೂರಾ ಮೂರು" ಎಂದು ಅವರೇ ಓದಿದರು. "ತೊಂಬತ್ತೊಂಬತ್ತು ಅಂದಿದ್ದು ನಾನು. ಚೀಟಿಯಲ್ಲಿ ಹಂಗೇ ಬರ್ಕೊಳ್ಳಿ, ಕಸ್ಟಮರ್ ಹೇಳಿದ ಅಳತೆ ಅಂತ. ನಿಮ್ಗೆ ತೊಂದ್ರೆ ಆಗಬಾರ್ದು."

"ನೀವು ಹೇಳಿದ್ದು ಖರೇರಿ. ಅಳದೀನಿ ಅಂತ ಸಹಿ ಹಾಕಿದಾಕಿ ನಾನು. ನೀವು ಬಿದ್ದದ್ದಕ್ಕ ಸ್ಕೀ ಹೋಗಲಿಲ್ರಿ. ಬಿದ್ದಾಗ ನಿಲ್ಲಲಿ ಅಂತನ ಬ್ರೇಕ್ ಇರೋದು."

ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ತಿದ್ದುಪಡಿ ಹಾಕುತ್ತಿದ್ದೆವು. ಹಳೆಯ ಸಂಚಿಕೆಯನ್ನು ಯಾರೂ ಬಚ್ಚಿಡುತ್ತಿರಲಿಲ್ಲ. ಹಾಗೆಯೇ ಚೀಟಿಯಲ್ಲಿ 99ರ ಮೇಲೆ ಓದಲು ಬರುವಂತೆ ಒಂದೇ ಗೆರೆ ಎಳೆದು, 'ಅಳೆದಿರಲಿಲ್ಲ. ಈಗ ಅಳೆದಾಗ 103' ಎಂದು ಬರೆದು, ತಾರೀಖು ಹಾಕಿ ಮ್ಯಾನೇಜರ್ ರಿಕ್ ಕೈಗೆ ಕೊಟ್ಟೆ. ರಿಕ್ ಎರಡು ಸಲ ಓದಿದ. ಒಂದು ತಿಂಗಳು ನನ್ನನ್ನು ಬೆಂಚಿನಿಂದ ತೆಗೆದು ಬಾಡಿಗೆ ಬೂಟುಗಳ ವಿಭಾಗಕ್ಕೆ ಹಾಕಿದ. ಆ ತಿಂಗಳು ನಾಗಭೂಷಣ್ ಬರಲಿಲ್ಲ. ಫೋನೂ ಇಲ್ಲ.

ಅವರು ಮತ್ತೆ ಬಂದದ್ದು ಡಿಸೆಂಬರ್‌ನಲ್ಲಿ, ಹೊಸ ಜೊತೆ ಸ್ಕೀ, ಹೊಸ ಬೈಂಡಿಂಗ್‌ಗಳೊಂದಿಗೆ. ಸ್ಕೀಯನ್ನು ಬೆಂಚಿನ ಮೇಲಿಟ್ಟು, ಡ್ರಾಯರ್ ಕಡೆ ಬೆರಳು ತೋರಿಸಿದರು. ನಾನು ಅಳೆದೆ. ಅವರು ನನ್ನ ಕೈಯಿಂದ ಕ್ಯಾಲಿಪರ್ ತೆಗೆದುಕೊಂಡು ಅಳೆದರು. 103. ಬೈಂಡಿಂಗ್ ಜೋಡಿಸಿ, ಅದಕ್ಕೆ ಹೊಂದುವ ನೂರ ಹದಿನೈದರ ಬ್ರೇಕ್ ಕೂರಿಸಿದೆ. ಎರಡೂ ಕಡೆ ಉಜ್ಜದೆ ಇಳಿಯಿತು. ಮಂಜುಗಡ್ಡೆ ಕಟ್ಟಿದಂತಾಗಲೆಂದು, ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿಸಿದ ಒದ್ದೆ ಬಟ್ಟೆಯ ಪಟ್ಟಿಗಳನ್ನು ಸ್ಕೀಯ ಪಕ್ಕಕ್ಕೆ ಅಂಟಿಸಿ ಮತ್ತೆ ಪರೀಕ್ಷಿಸಿದೆ. ಇಳಿಯಿತು. ಚೀಟಿಯಲ್ಲಿ ಈಗ ಒಂದು ಹೊಸ ಸಾಲಿತ್ತು: 'ಹೋಗುತ್ತಿರುವ ಕಣಿವೆ'. ಅವರು ಅದನ್ನು ತುಂಬಿದರು. ತುರ್ತು ಸಂಪರ್ಕದಲ್ಲಿ ಅಂಗಡಿಯ ನಂಬರ್ ಹೊಡೆದುಹಾಕಿ ನನ್ನ ಮೊಬೈಲ್ ನಂಬರ್ ನಾನೇ ಬರೆದೆ.

ಆ ಕೆಲಸವನ್ನು 2019ರಲ್ಲಿ ಬಿಟ್ಟೆ. ಅಳೆಯುವುದು ಅವಮಾನವಲ್ಲ, ನಮ್ಮವರನ್ನೇ ಮೊದಲು ಅಳೆಯಬೇಕು ಎಂಬುದನ್ನು ಬೆಂಚು ನನಗೆ ಕಲಿಸಿತು. ಯಾರದಾದರೂ ಚೀಟಿಯಲ್ಲಿ ನಮ್ಮ ನಂಬರ್ ಇದ್ದರೆ, ಅವರು ಎಲ್ಲಿಗೆ ಹೋಗುತ್ತಾರೆಂದು ಕೇಳಿ ತಿಳಿದಿರುವುದೂ ಕೆಲಸದ ಭಾಗವೇ.

2018ರಲ್ಲಿ ಮಂಡಿ ಕೈಕೊಟ್ಟು ನಾಗಭೂಷಣ್ ಸ್ಕೀ ನಿಲ್ಲಿಸಿದರು. ಸ್ಕೀಗಳನ್ನು ನಮ್ಮ ಅಂಗಡಿಯ ಮೂಲಕವೇ ಮಾರಿದರು. ಅದಾಗಿ ಎರಡು ವಾರಕ್ಕೆ, ಒಂದು ಸೋಮವಾರ ಬೆಳಿಗ್ಗೆ ನನ್ನ ಮೊಬೈಲ್ ಬಡಿಯಿತು.

"ಬಂದೆ ಕಣಮ್ಮ."

"ಎಲ್ಲಿ ಹೋಗಿದ್ರಿ?"

"ಎಲ್ಲಿಗೂ ಇಲ್ಲ. ಮನೇಲೇ ಇದ್ದೆ. ಸೋಮವಾರ ಅಲ್ವಾ."

"ಹೌದ್ರೀ" ಎಂದೆ. "ಹಿಮ ಹೆಂಗಿತ್ತು?"